ಖಾಲಿ ಆಸನದ ಲೆಕ್ಕ

ರೈಲಿಗೆ ಕಂಬಿ ಬೇಕು. ಬಸ್ಸಿಗೆ ರಸ್ತೆ ಬೇಕು. ಹತ್ತು ದಿನ ಗಾಡಿ ಓಡದಿದ್ದರೂ ಕಂಬಿ ಇದ್ದಲ್ಲಿಯೇ ಇರುತ್ತದೆ. ಹತ್ತು ತಿಂಗಳು ಬಸ್ಸು ಬಾರದಿದ್ದರೂ ರಸ್ತೆ ಊರನ್ನು ಬಿಟ್ಟು ಹೋಗುವುದಿಲ್ಲ. ವಿಮಾನದ ಹಾದಿ ಇಂತಹುದಲ್ಲ. ಎರಡು ನಿಲ್ದಾಣಗಳ ನಡುವೆ ಇರುವುದು ಬರಿಯ ಗಾಳಿ. ವಿಮಾನ ಹಾರುತ್ತಿರುವವರೆಗೆ ಅದನ್ನು ಮಾರ್ಗವೆಂದು ಕರೆಯುತ್ತೇವೆ. ಹಾರಾಟ ನಿಂತ ದಿನ ಅದು ಮತ್ತೆ ಬರಿಯ ಗಾಳಿಯೇ ಆಗುತ್ತದೆ. ಆದುದರಿಂದಲೇ ವಿಮಾನ ಸಂಸ್ಥೆಯೊಂದು ತನ್ನ ಮಾರ್ಗವನ್ನು ಒಂದು ಊರಿನಿಂದ ಎತ್ತಿ ಮತ್ತೊಂದು ಊರಿಗೆ ಕೆಲವೇ ವಾರಗಳಲ್ಲಿ ಹೂಡಬಲ್ಲದು.

ಕೋವಿಡ್ ಪಿಡುಗಿನ ಕಾರಣದಿಂದ 2020ರ ಮಾರ್ಚ್ 25ರಂದು ಭಾರತದ ಒಳನಾಡಿನ ಪ್ರಯಾಣಿಕ ವಿಮಾನಗಳೆಲ್ಲ ನೆಲದಲ್ಲಿ ನಿಂತವು. ಎರಡು ತಿಂಗಳ ಅನಂತರ, ಮೇ 25ರಂದು, ಹಿಂದಿನ ವೇಳಾಪಟ್ಟಿಯ ಮೂರನೆಯ ಒಂದು ಪಾಲಿಗೆ ಮಾತ್ರ ಅಪ್ಪಣೆ ದೊರೆಯಿತು. 2019ರಲ್ಲಿ ನಮ್ಮ ದೇಶದೊಳಗೆ ವಿಮಾನದಲ್ಲಿ ಪ್ರಯಾಣ ಮಾಡಿದವರ ಸಂಖ್ಯೆ ಸುಮಾರು 14 ಕೋಟಿ 41 ಲಕ್ಷ. 2020ರಲ್ಲಿ ಅದು 6 ಕೋಟಿ 30 ಲಕ್ಷಕ್ಕೆ ಕುಸಿಯಿತು. ಇಂತಹ ಆಘಾತದಲ್ಲಿ ಮೊದಲು ಅಳಿಯತಕ್ಕವು ಸಣ್ಣ ಊರುಗಳ ಮಾರ್ಗಗಳೆಂದು ಯಾರಿಗಾದರೂ ತೋರುವುದು ಸಹಜ. ಆದರೆ ನಡೆದುದು ಪೂರ್ತಿಯಾಗಿ ಹಾಗಲ್ಲ. 2020ರ ನವೆಂಬರಿನಲ್ಲಿ ಕಲಬುರಗಿಯಿಂದ ದಿಲ್ಲಿಯ ಪಕ್ಕದ ಹಿಂಡನ್ ನಿಲ್ದಾಣಕ್ಕೆ, 2021ರ ಜನವರಿಯಲ್ಲಿ ಕಲಬುರಗಿಯಿಂದ ತಿರುಪತಿಗೆ, ಅದೇ ತಿಂಗಳಲ್ಲಿ ಬೆಳಗಾವಿಯಿಂದ ನಾಸಿಕಕ್ಕೆ ಹೊಸದಾಗಿ ವಿಮಾನಗಳು ಹಾರಿದವು. ಈ ಮೂರನ್ನೂ ನಡೆಸಿದುದು ಸ್ಟಾರ್ ಏರ್ ಎಂಬ ಸಂಸ್ಥೆಯ 50 ಆಸನಗಳ ಪುಟ್ಟ ಜೆಟ್ ವಿಮಾನ.

ಜನರು ಮನೆಯಿಂದ ಹೊರಡಲು ಅಂಜುತ್ತಿದ್ದ ಕಾಲದಲ್ಲಿ ಹೊಸ ಮಾರ್ಗಗಳು ಹುಟ್ಟಿದುದು ಹೇಗೆ? ಉತ್ತರವು ಖಾಲಿ ಆಸನದ ಲೆಕ್ಕದಲ್ಲಿದೆ.

ಎರಡು ನೆರೆಯ ಊರುಗಳು

ಪಿಡುಗಿಗೆ ಮುಂಚಿನ ಸ್ಥಿತಿಯನ್ನು ಮೊದಲು ತಿಳಿಯಬೇಕು. ಸಣ್ಣ ಊರುಗಳನ್ನು ವಿಮಾನದಿಂದ ಜೋಡಿಸುವ ಸಲುವಾಗಿ ಕೇಂದ್ರ ಸರಕಾರವು ‘ಉಡಾನ್’ ಎಂಬ ಯೋಜನೆಯನ್ನು ಹೂಡಿತು. ಅದರ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದಿಲ್ಲಿಗಳ ನಡುವೆ ಹಾರಿತು. ಯೋಜನೆಯ ತಿರುಳು ಇಷ್ಟು: ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಗಳ ಆಸುಪಾಸಿನ ದರದಲ್ಲಿ ಅರ್ಧದಷ್ಟು ಆಸನಗಳನ್ನು ಸಂಸ್ಥೆಯು ಮಾರಬೇಕು; ಅದರಿಂದ ಬೀಳುವ ಕೊರತೆಯನ್ನು ಮೂರು ವರ್ಷಗಳವರೆಗೆ ಸರಕಾರ ತುಂಬಿಕೊಡುವುದು.

ಈ ಯೋಜನೆಯ ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿಗೆ ಸ್ಥಾನ ದೊರೆಯಿತು, ಬೆಳಗಾವಿಗೆ ದೊರೆಯಲಿಲ್ಲ. ಎರಡೂ ಊರುಗಳ ನಡುವಣ ಅಂತರ ನೂರು ಕಿಲೋಮೀಟರಿನಷ್ಟು ಮಾತ್ರ. 2018ರಲ್ಲಿ ಸ್ಪೈಸ್‌ಜೆಟ್ ಸಂಸ್ಥೆಯು ತನ್ನ ವಿಮಾನಗಳನ್ನು ಬೆಳಗಾವಿಯಿಂದ ತೆಗೆದು ಹುಬ್ಬಳ್ಳಿಯಿಂದ ಹಾರಿಸತೊಡಗಿತು. ಹೊಸ ಕಟ್ಟಡವನ್ನು ಕಟ್ಟಿಕೊಂಡು ವರ್ಷವೂ ತುಂಬದಿದ್ದ ಬೆಳಗಾವಿಯ ನಿಲ್ದಾಣ ಬಿಕೋ ಎನ್ನುವಂತಾಯಿತು. 2019ರ ಜನವರಿಯಲ್ಲಿ, ಯೋಜನೆಯ ಮೂರನೆಯ ಸುತ್ತಿನಲ್ಲಿ, ಬೆಳಗಾವಿಯನ್ನೂ ಸೇರಿಸಿದ ಮೇಲೆ ಅಲ್ಲಿ ಮತ್ತೆ ವಿಮಾನಗಳ ಸಪ್ಪಳ ಕೇಳಿಬಂದಿತು. ಊರು ಅದೇ, ಜನ ಅವರೇ, ನಿಲ್ದಾಣವೂ ಅದೇ; ಬದಲಾದುದು ಒಂದು ಆಸನಕ್ಕೆ ಬೀಳುವ ಖರ್ಚು ಮತ್ತು ಅದನ್ನು ಹೊರುವವರು ಮಾತ್ರ.

ಕೆಡುವ ಸರಕು

ಸಂತೆಯಲ್ಲಿ ಸೊಪ್ಪು ಮಾರುವವಳು ಸಂಜೆಯಾದೊಡನೆ ಬೆಲೆ ಇಳಿಸುತ್ತಾಳೆ. ಮರುದಿನಕ್ಕೆ ಆ ಸೊಪ್ಪು ಬಾಡುತ್ತದೆಂಬುದು ಅವಳಿಗೆ ಗೊತ್ತು. ವಿಮಾನದ ಆಸನವು ಸೊಪ್ಪಿಗಿಂತಲೂ ಬೇಗ ಕೆಡುವ ಸರಕು. ಬಾಗಿಲು ಮುಚ್ಚಿದ ಗಳಿಗೆಯಲ್ಲಿ ಖಾಲಿ ಉಳಿದ ಆಸನವನ್ನು ಅನಂತರ ಯಾವ ಬೆಲೆಗೂ ಮಾರುವಂತಿಲ್ಲ. ಆದರೆ ಖರ್ಚು ಮಾತ್ರ ಹೆಚ್ಚು ಕಡಮೆಯಾಗುವುದಿಲ್ಲ. ಚಾಲಕರು, ಇಂಧನ, ಬಾಡಿಗೆ, ಇಳಿದಾಣದ ಶುಲ್ಕ, ಇವೆಲ್ಲ ಹತ್ತು ಜನ ಕುಳಿತರೂ ನೂರು ಜನ ಕುಳಿತರೂ ಹೆಚ್ಚುಕಡಮೆ ಒಂದೇ.

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಲೆಕ್ಕವನ್ನು ಮಾಡಿನೋಡೋಣ. ದೊಡ್ಡ ವಿಮಾನವೊಂದರಲ್ಲಿ 180 ಆಸನಗಳಿವೆ. ಅದರ ಒಂದು ಹಾರಾಟದ ಖರ್ಚು 6,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಚಿಕ್ಕದರಲ್ಲಿ 50 ಆಸನಗಳು. ಖರ್ಚು 2,20,000 ರೂಪಾಯಿ. ಎರಡೂ ತುಂಬಿದಾಗ ದೊಡ್ಡದರಲ್ಲಿ ತಲೆಗೆ 3,333 ರೂಪಾಯಿ ಬೀಳುತ್ತದೆ, ಚಿಕ್ಕದರಲ್ಲಿ 4,400. ದೊಡ್ಡ ವಿಮಾನವೇ ಅಗ್ಗ. ಕಡಮೆ ದರದ ಸಂಸ್ಥೆಗಳು 180 ಆಸನಗಳ ವಿಮಾನಗಳನ್ನು ನೂರಾರು ಸಂಖ್ಯೆಯಲ್ಲಿ ಕೊಳ್ಳುವುದರ ಗುಟ್ಟು ಇದೇ.

ಈಗ ಒಂದು ದಿನದಲ್ಲಿ 45 ಜನ ಮಾತ್ರ ಬಂದರೆನ್ನೋಣ. ದೊಡ್ಡದರಲ್ಲಿ ತಲೆಗೆ 13,333 ರೂಪಾಯಿ; ಚಿಕ್ಕದರಲ್ಲಿ 4,889. ಅಗ್ಗವಾಗಿದ್ದುದು ಕ್ಷಣದಲ್ಲಿ ದುಬಾರಿಯಾಯಿತು! ಎಲ್ಲಿ ತಕ್ಕಡಿ ತಿರುಗುತ್ತದೆಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಹಿಡಿಯಬಹುದು. ನೂರು ಜನರವರೆಗೆ ಚಿಕ್ಕ ವಿಮಾನವನ್ನು ಎರಡು ಬಾರಿ ಹಾರಿಸಿದರೂ 4,40,000 ರೂಪಾಯಿಗಳಲ್ಲಿ ಮುಗಿಯುತ್ತದೆ. ನೂರ ಒಂದನೆಯವನು ಬಂದರೆ ಮೂರನೆಯ ಹಾರಾಟ ಬೇಕಾಗಿ, ಖರ್ಚು 6,60,000 ಆಗಿ, ದೊಡ್ಡದು ಗೆಲ್ಲುತ್ತದೆ. ಅಂದರೆ ನಮ್ಮ ಲೆಕ್ಕದಲ್ಲಿ ನೂರು ಎಂಬುದು ಗಡಿರೇಖೆ. ಪಿಡುಗು ಮಾಡಿದುದೇನೆಂದರೆ, ಗಡಿಯ ಆಚೆಗಿದ್ದ ಅನೇಕ ಮಾರ್ಗಗಳನ್ನು ಈಚೆಗೆ ನೂಕಿದುದು. ಮೊದಲಿನಿಂದಲೂ ಈಚೆಗೇ ಇದ್ದು, ಸಣ್ಣ ವಿಮಾನವನ್ನೇ ನೆಚ್ಚಿದ್ದ ಊರುಗಳಿಗೆ ಬಿದ್ದ ಪೆಟ್ಟು ಅಷ್ಟರ ಮಟ್ಟಿಗೆ ಹಗುರವಾಯಿತು.

ಹಾರಿದರೂ ನಷ್ಟ, ನಿಂತರೂ ನಷ್ಟ

ಇನ್ನೊಂದು ವಿಚಿತ್ರವಿದೆ. ಚಿಕ್ಕ ವಿಮಾನದ 2,20,000 ರೂಪಾಯಿಗಳಲ್ಲಿ 1,00,000 ರೂಪಾಯಿ ವಿಮಾನದ ಬಾಡಿಗೆ, ಸಂಬಳ, ವಿಮೆ ಇವುಗಳಿಗೆ ಸಲ್ಲುವುದೆಂದು ಭಾವಿಸೋಣ. ವಿಮಾನವು ನೆಲದಲ್ಲಿ ನಿಂತಿದ್ದರೂ ಇದನ್ನು ತೆರಲೇಬೇಕು. ಉಳಿದ 1,20,000 ಮಾತ್ರ ಹಾರಿದಾಗ ತಗಲುವ ಖರ್ಚು. ಮೂವತ್ತು ಜನರು ತಲೆಗೆ 4,500ರಂತೆ ಕೊಟ್ಟರೆ ಬರುವ ಹಣ 1,35,000. ಪೂರ್ತಿ ಖರ್ಚಿಗೆ ಹೋಲಿಸಿದರೆ 85,000 ರೂಪಾಯಿಗಳ ನಷ್ಟವೇ ಸರಿ. ಆದರೆ ಹಾರದೆ ನಿಂತಿದ್ದರೆ ನಷ್ಟ 1,00,000! ಆದುದರಿಂದ ನಷ್ಟದಲ್ಲಿ ಹಾರುವುದೇ ಜಾಣತನ. ಹಳೆಯ ಮಾರ್ಗದಲ್ಲಿ ಜನ ಸಿಗದ ವಿಮಾನ ಸುಮ್ಮನೆ ನಿಲ್ಲುವ ಬದಲು, ಮೂವತ್ತು ಜನರಾದರೂ ದೊರೆಯುವ ಹೊಸ ಊರನ್ನು ಅರಸಿಕೊಂಡು ಹೋಗುತ್ತದೆ. ಆಗ ಎಂದಿನ ರೈಲುಗಳ ಸಂಚಾರವೂ ನಿಂತು, ವಿಶೇಷ ರೈಲುಗಳಷ್ಟೇ ಓಡುತ್ತಿದ್ದುದರಿಂದ, ದೂರಕ್ಕೆ ಹೋಗಲೇಬೇಕಾದವರಿಗೆ ಬೇರೆ ದಾರಿಗಳು ಕಡಮೆಯಾಗಿದ್ದವು.

ಸರಕಾರದ ಕಟ್ಟಳೆಯೂ ಈ ಲೆಕ್ಕವನ್ನು ತಿದ್ದಿತು. 2020ರ ಮೇ ತಿಂಗಳಿನಲ್ಲಿ ಪ್ರಯಾಣದ ಅವಧಿಗೆ ತಕ್ಕಂತೆ ಏಳು ದರ್ಜೆಗಳನ್ನು ಮಾಡಿ, ಪ್ರತಿಯೊಂದಕ್ಕೂ ಕನಿಷ್ಠ ಮತ್ತು ಗರಿಷ್ಠ ದರಗಳನ್ನು ಗೊತ್ತುಮಾಡಲಾಯಿತು. 40ರಿಂದ 60 ನಿಮಿಷಗಳ ಪ್ರಯಾಣಕ್ಕೆ ಆಗ ಅವು 2,500 ಮತ್ತು 7,500 ರೂಪಾಯಿ. ನಮ್ಮ ಕಲ್ಪಿತ ವಿಮಾನಗಳಿಗೆ ಇದನ್ನು ಅನ್ವಯಿಸಿರಿ. ಎಲ್ಲರಿಂದಲೂ ಗರಿಷ್ಠ ದರವನ್ನೇ ಪಡೆದರೂ ದೊಡ್ಡ ವಿಮಾನಕ್ಕೆ 80 ಪ್ರಯಾಣಿಕರು ಬೇಕು, ಚಿಕ್ಕದಕ್ಕೆ 30 ಜನ ಸಾಕು. ಕನಿಷ್ಠ ದರವೂ ಇದ್ದುದರಿಂದ ತೀರ ಅಗ್ಗದ ಟಿಕೆಟ್ಟಿನ ಆಸೆ ತೋರಿಸಿ ದೊಡ್ಡ ವಿಮಾನವನ್ನು ತುಂಬುವ ಹಳೆಯ ಉಪಾಯವೂ ನಡೆಯಲಿಲ್ಲ. ಹಾರಾಟದ ಮಿತಿಯನ್ನು ಹಂತಹಂತವಾಗಿ ಸಡಿಲಿಸಿ 2021ರ ಅಕ್ಟೋಬರ್ 18ರಂದು ಪೂರ್ತಿ ತೆಗೆಯಲಾಯಿತು. ದರದ ಕಟ್ಟು 2022ರ ಆಗಸ್ಟ್ ಕೊನೆಯವರೆಗೂ ಉಳಿಯಿತು.

ಏರುವುದರ ಬೆಲೆ

ಹಾಗಾದರೆ ಚಿಕ್ಕ ವಿಮಾನದಲ್ಲಿ ಹತ್ತಿರದ ಊರಿಗೆ ಹೋಗುವುದು ಏಕೆ ಇನ್ನೂ ಅಗ್ಗವಾಗಬಾರದು? ದೂರ ಅರ್ಧವಾದರೆ ಖರ್ಚೂ ಅರ್ಧವಾಗಬೇಕಲ್ಲವೆ? ಇಲ್ಲಿ ಭೌತಶಾಸ್ತ್ರವು ಅಡ್ಡ ಬರುತ್ತದೆ.

ಸ್ಟಾರ್ ಏರ್ ಆಗ ಬಳಸುತ್ತಿದ್ದ ಎಂಬ್ರೇಯರ್ 145 ವಿಮಾನವಾಗಲಿ, ಇಂಡಿಗೋ ಮೊದಲಾದ ಸಂಸ್ಥೆಗಳು ಸಣ್ಣ ಊರುಗಳಿಗೆ ಹಾರಿಸುವ, ಪಂಕಗಳುಳ್ಳ ಎ.ಟಿ.ಆರ್. 72 ವಿಮಾನವಾಗಲಿ, ತುಂಬಿ ಹೊರಟಾಗ ಸುಮಾರು 22 ಟನ್ನು ತೂಗುತ್ತದೆ. ಅಷ್ಟು ಭಾರವನ್ನು 6,000 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿಯನ್ನು ಪ್ರೌಢಶಾಲೆಯ ಸೂತ್ರದಿಂದಲೇ ಪಡೆಯಬಹುದು. ರಾಶಿ 22,000 ಕಿಲೋಗ್ರಾಂ, ಗುರುತ್ವ ವೇಗೋತ್ಕರ್ಷ 9.8, ಎತ್ತರ 6,000. ಮೂರನ್ನೂ ಗುಣಿಸಿದರೆ ಸುಮಾರು 129 ಕೋಟಿ ಜೂಲ್. ಒಂದು ಕಿಲೋಗ್ರಾಂ ವಿಮಾನ ಇಂಧನವನ್ನು ಉರಿಸಿದರೆ ದೊರೆಯುವುದು ಸುಮಾರು 4.3 ಕೋಟಿ ಜೂಲ್. ಅದರಲ್ಲಿ ನಾಲ್ಕನೆಯ ಒಂದು ಪಾಲು ಮಾತ್ರ ಏರುವ ಕೆಲಸಕ್ಕೆ ಒದಗುವುದೆಂದರೆ, ಕೇವಲ ಮೇಲೇರುವುದಕ್ಕೆ ಸುಮಾರು 120 ಕಿಲೋಗ್ರಾಂ ಇಂಧನ ಬೇಕಾಯಿತು. ಗಾಳಿಯ ತಡೆಯನ್ನು ನಾವಿನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ.

ಇಳಿಯುವಾಗ ಎಂಜಿನ್ನಿನ ಬಲವನ್ನು ತಗ್ಗಿಸಿ ಜಾರಿಕೊಂಡು ಬರುವುದರಿಂದ ಇದರಲ್ಲಿ ಒಂದಂಶ ಮರಳಿ ಸಿಕ್ಕುತ್ತದೆ, ನಿಜ. ಆದರೂ ನೆಲದ ಮೇಲಿನ ಓಟ, ಏರುವಾಗಿನ ಪೂರ್ಣಬಲ, ಎರಡೂ ತುದಿಗಳ ಶುಲ್ಕ, ಪ್ರತಿ ಇಳಿತದಲ್ಲೂ ಚಕ್ರ ಮತ್ತು ತಡೆಗಳ ಸವೆತ, ಇವು ದೂರವನ್ನು ಅವಲಂಬಿಸಿಲ್ಲ. ಎರಡೂವರೆ ಗಂಟೆಯ ಹಾರಾಟದಲ್ಲಿ ಈ ಹೊರೆ ಸಾವಿರಾರು ಕಿಲೋಮೀಟರುಗಳ ಮೇಲೆ ಹರಡಿಹೋಗುತ್ತದೆ. ಒಂದು ಗಂಟೆಯ ಹಾರಾಟದಲ್ಲಿ ನಾನೂರು ಕಿಲೋಮೀಟರುಗಳೇ ಅದನ್ನು ಹೊರಬೇಕು. ಸಣ್ಣ ಊರಿನ ಮಾರ್ಗ ಸ್ವಭಾವದಿಂದಲೇ ದುಬಾರಿಯಾದುದು.

ನಿಲ್ದಾಣದ ನೆಲವೂ ಒಂದು ಮಾತು ಹೇಳುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. 35 ಡಿಗ್ರಿ ಸೆಲ್ಸಿಯಸ್ ಬಿಸಿಲಿನ ದಿನ ಅಲ್ಲಿನ ಗಾಳಿಯ ಸಾಂದ್ರತೆ, ಸಮುದ್ರಮಟ್ಟದಲ್ಲಿ 15 ಡಿಗ್ರಿಯಲ್ಲಿರುವ ಗಾಳಿಗಿಂತ ನೂರಕ್ಕೆ 14ರಷ್ಟು ಕಡಮೆ. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಎತ್ತುವ ಬಲ ದೊರೆಯಲು ಹೆಚ್ಚಿನ ವೇಗ ಬೇಕು. ಎಂಜಿನ್ನಿನ ಬಲವೂ ಕುಗ್ಗುತ್ತದೆ. ಎರಡೂ ಸೇರಿ ರನ್‌ವೇಯ ಮೇಲಿನ ಓಟ ಉದ್ದವಾಗುತ್ತದೆ. ಸಮುದ್ರಮಟ್ಟದಲ್ಲಿ ಎ.ಟಿ.ಆರ್.ಗೆ ಸುಮಾರು 1,300 ಮೀಟರ್ ರನ್‌ವೇ ಸಾಕು. ತುಂಬಿದ ದೊಡ್ಡ ವಿಮಾನಕ್ಕೆ 2,000 ಮೀಟರಿಗೂ ಮಿಕ್ಕಿ ಬೇಕು. ಬೆಳಗಾವಿ, ಹುಬ್ಬಳ್ಳಿಗಳು ತಮ್ಮ ರನ್‌ವೇಗಳನ್ನು 2,300 ಮೀಟರಿಗೆ ಬೆಳೆಸಿಕೊಂಡುದು ದೊಡ್ಡ ವಿಮಾನಗಳನ್ನು ಕರೆಯುವುದಕ್ಕಾಗಿ. ಆದರೆ ಬರಗಾಲದಲ್ಲಿ ಕೈಹಿಡಿಯುವುದು, ಉದ್ದ ರನ್‌ವೇ ಬೇಡದ ಸಣ್ಣ ವಿಮಾನವೇ.

ಬೀದರದ ಪಾಠ

ಇಷ್ಟರಿಂದ ಸಣ್ಣ ವಿಮಾನವೊಂದಿದ್ದರೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಬೀದರದಲ್ಲಿ 2020ರ ಫೆಬ್ರವರಿ 7ರಂದು ಟ್ರೂಜೆಟ್ ಸಂಸ್ಥೆಯ ಎ.ಟಿ.ಆರ್. ವಿಮಾನ ಬೆಂಗಳೂರಿಗೆ ಹಾರತೊಡಗಿತು. ಏಳು ವಾರ ತುಂಬುವುದರೊಳಗೆ ದೇಶದ ಹಾರಾಟವೆಲ್ಲ ನಿಂತಿತು. ಆ ಸಂಸ್ಥೆ ಮತ್ತೆ ಹಾರಿತಾದರೂ 2022ರ ಫೆಬ್ರವರಿಯಲ್ಲಿ ಕೈಚೆಲ್ಲಿತು. ಅದೇ ವರ್ಷದ ಜೂನಿನಲ್ಲಿ ಸ್ಟಾರ್ ಏರ್ ಬಂದಿತು. 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲಿನಲ್ಲಿ ರಾಜ್ಯ ಸರಕಾರವು ಕೊರತೆಯನ್ನು ತುಂಬಿಕೊಡಲೊಪ್ಪಿದ ಮೇಲೆ ಬೀದರದಿಂದ ವಿಮಾನ ಮರಳಿ ಹಾರಿತು. ಬೆಂಗಳೂರಿಗೆ ರೈಲಿನಲ್ಲಿ ಇಡೀ ರಾತ್ರಿ ಪ್ರಯಾಣ ಮಾಡಬೇಕಾದ ಊರಿನಲ್ಲಿ, ಆಸ್ಪತ್ರೆಗೆ ಹೊರಟ ರೋಗಿಗೂ ಸಂದರ್ಶನಕ್ಕೆ ಹೊರಟ ತರುಣನಿಗೂ, ಹೀಗೆ ಹತ್ತಿ ನಂದುವ ದೀಪವನ್ನು ನೆಚ್ಚುವುದು ಸುಲಭವಲ್ಲ.

ಬೀದರದ ಕಥೆ ಅದೊಂದರದೇ ಅಲ್ಲ. ಭಾರತದ ಲೆಕ್ಕಪರಿಶೋಧಕರು 2023ರಲ್ಲಿ ಕೊಟ್ಟ ವರದಿಯಂತೆ, ಉಡಾನ್ ಯೋಜನೆಯ ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ ಆರಂಭವಾದುದು 371. ಮೂರು ವರ್ಷಗಳ ನೆರವಿನ ಅವಧಿಯನ್ನು ಪೂರೈಸಿದುದು 112. ಅದಾದ ಮೇಲೆಯೂ 2023ರ ಮಾರ್ಚಿನವರೆಗೆ ಬದುಕಿ ಉಳಿದುದು 54 ಮಾತ್ರ. ನೆರವು ಕೊಟ್ಟವರು ಆಸನದ ಖಾಲಿತನವನ್ನು ಹೋಗಲಾಡಿಸಲಿಲ್ಲ. ಅದರ ಬೆಲೆಯನ್ನು ಸ್ವಲ್ಪ ಕಾಲ ತಾವು ತೆತ್ತರು. ಆ ಅವಧಿಯೊಳಗೆ ಊರಿನ ಜನಕ್ಕೆ ವಿಮಾನದ ರೂಢಿಯಾದರೆ ಮಾರ್ಗ ಉಳಿಯುತ್ತದೆ. ಆ ರೂಢಿ ಬೆಳೆಯಬೇಕಾದ ಹೊತ್ತಿನಲ್ಲಿಯೇ ಪಿಡುಗು ಬಂದೆರಗಿದುದು ಅನೇಕ ಊರುಗಳ ದುರದೃಷ್ಟ.

ಖಾಲಿ ಆಸನದ ಬೆಲೆಯನ್ನು ಯಾರಾದರೂ ಒಬ್ಬರು ತೆರಲೇಬೇಕು. ಪಕ್ಕದಲ್ಲಿ ಕುಳಿತವನು ತನ್ನ ಟಿಕೆಟ್ಟಿನಲ್ಲಿ ತೆರಬಹುದು. ಸಂಸ್ಥೆಯು ತನ್ನ ನಷ್ಟದಲ್ಲಿ ತೆರಬಹುದು. ಇಲ್ಲವೆ ನಾವೆಲ್ಲ ನಮ್ಮ ತೆರಿಗೆಯಲ್ಲಿ ತೆರಬಹುದು. ಮೂವರೂ ಒಲ್ಲೆನೆಂದ ದಿನ ಮಾರ್ಗವು ಗಾಳಿಯಾಗುತ್ತದೆ. ಇನ್ನು ಮುಂದೆ ನಮ್ಮ ಊರಿನ ವಿಮಾನ ನಿಂತಿತೆಂಬ ಸುದ್ದಿಯನ್ನೋ, ಹೊಸದೊಂದು ಬಂದಿತೆಂಬ ಸುದ್ದಿಯನ್ನೋ ಪತ್ರಿಕೆಯಲ್ಲಿ ಓದಿದಾಗ, ಅದು ಎಷ್ಟು ಆಸನಗಳ ವಿಮಾನ, ದಿನಕ್ಕೆ ಎಷ್ಟು ಜನ ಹೋಗುವವರು, ಉಳಿದ ಆಸನಗಳ ಬೆಲೆಯನ್ನು ತೆರುವವರು ಯಾರು, ಎಷ್ಟು ವರ್ಷ ತೆರುವರು ಎಂಬ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಕೇಳಿಕೊಳ್ಳಲಿ. ಆ ಮಾರ್ಗದ ಆಯುಸ್ಸನ್ನು ಒಂದು ಹಾಳೆಯ ಮೇಲೆಯೇ ಬಹುಮಟ್ಟಿಗೆ ಅಂದಾಜು ಮಾಡಬಹುದು.