ಎರಡು ವಾರ ದಾಟಿದ ಕೆಮ್ಮು

ಆಸಾಡಿಯ ಮಳೆ ಹಿಡಿಯಿತೆಂದರೆ ನಮ್ಮ ಗುಲ್ವಾಡಿಯಲ್ಲಿ ಕೆಮ್ಮಿಲ್ಲದ ಮನೆಯೇ ಇರುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿರುತ್ತವೆ. ಒದ್ದೆ ಬಟ್ಟೆಗಳು ಒಳಗೇ ಒಣಗುತ್ತವೆ. ಬಚ್ಚಲೊಲೆಯ ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಮನೆಯಲ್ಲೇ ಸುತ್ತುತ್ತದೆ. ಹಾಗಾಗಿ ಹೋದ ಮಳೆಗಾಲದಲ್ಲಿ ನನಗೆ ಕೆಮ್ಮು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನಂತೂ ಇಲ್ಲವೇ ಇಲ್ಲ.

ನಾನು ನಿವೃತ್ತ ಶಾಲಾ ಮಾಸ್ತರ. ವಯಸ್ಸು ಅರವತ್ತೆಂಟು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮನೆಯಾಕೆ ಶುಂಠಿ, ಕಾಳುಮೆಣಸು, ಜೀರಿಗೆ ಹಾಕಿ ಕಷಾಯ ಮಾಡಿಕೊಟ್ಟಳು. ಗಂಟಲಿಗೆ ಹಿತವಾಯಿತು, ಕೆಮ್ಮು ಹೋಗಲಿಲ್ಲ. ಔಷಧಿ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದೆ. ಒಂದು ಬಾಟಲಿ ಮುಗಿಯಿತು, ಇನ್ನೊಂದು ತಂದೆ. ಸಂಜೆ ಹೊತ್ತು ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು. ಪಂಚೆ ಸೊಂಟದಲ್ಲಿ ಸಡಿಲವಾಗುತ್ತಿತ್ತು. ಅದನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡೆ.

ಒಂದು ರಾತ್ರಿ ಐದನೇ ತರಗತಿಯ ಮೊಮ್ಮಗಳು ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿಕೊಂಡು ನನ್ನ ಮುಂದೆ ಕುಳಿತಳು.

"ಅಜ್ಜಯ್ಯ, ನಿಮ್ ಕೆಮ್ಮ್ ಸುರುವಾಯಿ ಎಷ್ಟ್ ದಿನ ಆಯ್ತ್?"

"ಎಂತದೂ ಇಲ್ಲ ಮಗಾ, ಮಳೆಗಾಲದ್ ಕೆಮ್ಮ್."

"ಮಳೆಗೆ ರಜೆ ಕೊಟ್ಟ ದಿನವೇ ಸುರುವಾದ್ದ್. ನಾನ್ ರಜೆಗೆಲ್ಲ ಗುರ್ತ್ ಹಾಕಿದ್ದೆ. ಇವತ್ತಿಗೆ ಇಪ್ಪತ್ಮೂರ್ ದಿನ!"

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂದು ಶಾಲೆಗೆ ಬಂದಿದ್ದ ಆರೋಗ್ಯ ಸಿಬ್ಬಂದಿ ಹೇಳಿದ್ದರಂತೆ. ನಾನು ಅವಳನ್ನು ಗದರಿಸಿ ಮಲಗಿಸಿದೆ. ಆದರೆ ನನಗೆ ನಿದ್ದೆ ಬರಲಿಲ್ಲ. ಪಕ್ಕದಲ್ಲಿ, ನನ್ನದೇ ಹೊದಿಕೆಯೊಳಗೆ, ಮೂರು ವರ್ಷದ ಮೊಮ್ಮಗ ಮಲಗಿದ್ದ. ಹುಟ್ಟಿದಾಗಿನಿಂದ ಅವನಿಗೆ ನನ್ನ ಬಳಿ ಮಲಗಿಯೇ ಅಭ್ಯಾಸ.

ಮೂಗಿನಿಂದ ಶ್ವಾಸಕೋಶದವರೆಗೆ

ಮಕ್ಕಳೇ, ನಾವು ಉಸಿರಾಡುವ ಗಾಳಿಯಲ್ಲಿ ಧೂಳೂ ಇರುತ್ತದೆ, ರೋಗಾಣುಗಳೂ ಇರುತ್ತವೆ. ಆದರೂ ನಾವು ದಿನವೂ ಕಾಯಿಲೆ ಬೀಳುವುದಿಲ್ಲ. ಮೂಗಿನ ಕೂದಲು ದೊಡ್ಡ ಧೂಳನ್ನು ತಡೆಯುತ್ತದೆ. ಉಳಿದದ್ದು ಶ್ವಾಸನಾಳದ ಅಂಟು ಲೋಳೆಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಕಸಬರಿಗೆಯಂತೆ ಹಗಲು ರಾತ್ರಿ ಆ ಲೋಳೆಯನ್ನು ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ. ಕೆಮ್ಮು ಆ ಕಸವನ್ನು ಹೊರಗೆಸೆಯುವ ದಾರಿ. ಬೀಡಿ ಸಿಗರೇಟಿನ ಹೊಗೆ ಮತ್ತು ಒಲೆಯ ಹೊಗೆ ಈ ಕಸಬರಿಗೆಯನ್ನೇ ಕೆಡಿಸುತ್ತವೆ.

ಸಾಮಾನ್ಯ ನೆಗಡಿ ವೈರಸ್‌ಗಳಿಂದ ಬರುತ್ತದೆ. ಅವು ಹೆಚ್ಚಾಗಿ ಮೂಗು, ಗಂಟಲಿನಲ್ಲೇ ಬೀಡುಬಿಡುತ್ತವೆ. ಸೀನಿದಾಗ, ಕೆಮ್ಮಿದಾಗ ಹಾರುವ ಹನಿಗಳಿಂದ ಮತ್ತು ಮೂಗು ಒರೆಸಿದ ಕೈಯಿಂದ ಇನ್ನೊಬ್ಬರಿಗೆ ದಾಟುತ್ತವೆ. ವಾರ, ಹತ್ತು ದಿನದಲ್ಲಿ ದೇಹವೇ ಅವನ್ನು ಗೆಲ್ಲುತ್ತದೆ. ಆಗ ಬೇಕಾದದ್ದು ವಿಶ್ರಾಂತಿ, ಬಿಸಿ ಗಂಜಿ, ಸಾಕಷ್ಟು ನೀರು. ಆಂಟಿಬಯಾಟಿಕ್ ಮಾತ್ರೆ ವೈರಸ್ಸನ್ನು ಕೊಲ್ಲುವುದಿಲ್ಲ. ಹಾಗಾಗಿ ಪ್ರತಿ ನೆಗಡಿಗೂ ಅದನ್ನು ನುಂಗುವುದು ತಪ್ಪು.

ಆದರೆ ಕ್ಷಯದ ದಾರಿಯೇ ಬೇರೆ.

ಕಾದು ಕೂರುವ ರೋಗಾಣು

ಮಾರನೆಯ ಬೆಳಿಗ್ಗೆ ಮಗನೊಂದಿಗೆ ಕುಂದಾಪುರದ ಸರ್ಕಾರಿ ಆಸ್ಪತ್ರೆಗೆ ಹೊರಟೆ. ಕಫಕ್ಕೆಂದು ಎರಡು ಡಬ್ಬಿ ಕೊಟ್ಟರು. ಒಂದು ಅಲ್ಲೇ, ಇನ್ನೊಂದು ಮರುದಿನ ಬೆಳಿಗ್ಗೆ ಎದ್ದ ಕೂಡಲೇ. "ಉಗುಳು ಬೇಡ ಮಾಸ್ತರ್ರೇ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕು. ಜನರಿಂದ ದೂರ, ಬಯಲಿನಲ್ಲಿ ನಿಂತು ತೆಗೆಯಿರಿ" ಎಂದರು. ಎದೆಯ ಎಕ್ಸ್‌ರೇಯೂ ಆಯಿತು. ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತು.

ಈ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ರಂದು. ಅದಕ್ಕೇ ಆ ದಿನ ವಿಶ್ವ ಕ್ಷಯರೋಗ ದಿನ. ರೋಗಿ ಕೆಮ್ಮಿದಾಗ ಹೊರಬರುವ ಅತಿ ಸಣ್ಣ ಹನಿಗಳು ನೆಲಕ್ಕೆ ಬೀಳದೆ, ಒಣಗಿ, ಮುಚ್ಚಿದ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಕಸಬರಿಗೆಗೂ ಸಿಗದೆ ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೆ ಇಳಿಯುತ್ತವೆ. ಅಲ್ಲಿ ಕಾವಲಿಗಿರುವ ರಕ್ಷಕ ಕಣಗಳು ರೋಗಾಣುವನ್ನು ನುಂಗುತ್ತವೆ. ಆದರೆ ಇದು ಅವುಗಳ ಹೊಟ್ಟೆಯೊಳಗೂ ಬದುಕಬಲ್ಲ ಗಟ್ಟಿಗ! ಆಗ ದೇಹ ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕುತ್ತದೆ. ಹೆಚ್ಚಿನವರಲ್ಲಿ ಅದು ಜೀವಮಾನವಿಡೀ ಹಾಗೆಯೇ ಮಲಗಿರುತ್ತದೆ. ರೋಗಾಣು ಹೊಕ್ಕ ಹತ್ತು ಮಂದಿಯಲ್ಲಿ ಹೆಚ್ಚೆಂದರೆ ಒಬ್ಬರಿಗೆ ಕಾಯಿಲೆ ಬರಬಹುದು. ವಯಸ್ಸು, ಸಕ್ಕರೆ ಕಾಯಿಲೆ, ಅಪೌಷ್ಟಿಕತೆ, ಧೂಮಪಾನದಿಂದ ದೇಹ ಸೋತಾಗ ಗೋಡೆ ಕುಸಿದು ರೋಗಾಣು ಏಳುತ್ತದೆ. ಚಿಕ್ಕ ಮಕ್ಕಳಲ್ಲಂತೂ ಆ ಗೋಡೆ ಗಟ್ಟಿಯಾಗಿರುವುದೇ ಇಲ್ಲ.

ವೈದ್ಯರು ಇದನ್ನು ಹೇಳುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಮೊಮ್ಮಗ ಹಂಚಿಕೊಂಡ ಆ ಹೊದಿಕೆ.

ತುಮಕೂರಿನ ಹಳ್ಳಿಗಳು ಹೇಳಿದ್ದು

ನಾನು ಸಿರಪ್ ಬಾಟಲಿಯಲ್ಲಿ ಕಳೆದ ಮೂರು ವಾರದ ಕಥೆ ಹೊಸದಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ತಜ್ಞರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇರುವವರನ್ನು ಪತ್ತೆ ಮಾಡಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇರುವುದಿಲ್ಲ, ಮನೆಮನೆಗೆ ಹೋಗಿ ಹುಡುಕದೆ ಬೇರೆ ದಾರಿಯಿಲ್ಲ ಎಂಬ ಭಾವನೆ ಆಗ ಇತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಆದರೆ ಅವರ ಕಫ ನೋಡುವವರಿರಲಿಲ್ಲ. ಕೆಮ್ಮಿನ ಔಷಧಿ ಹಿಡಿದು ಮನೆಗೆ ಮರಳಿದ್ದರು.

ರೋಗಿ ತಾನಾಗಿಯೇ ಬಾಗಿಲಿಗೆ ಬರುತ್ತಾನೆ, ಅವನ ಕೆಮ್ಮನ್ನು ಕೇಳಿಸಿಕೊಂಡು ಕಫ ಪರೀಕ್ಷೆ ಮಾಡಿದರೆ ಸಾಕು. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಈ ಅರಿವೇ ಬುನಾದಿಯಾಯಿತು. ಇಂದು ಶಾಲೆಯ ಮಕ್ಕಳಿಗೆ ಹೇಳಿಕೊಡುವ 'ಎರಡು ವಾರದ ಕೆಮ್ಮು' ಎಂಬ ಮಾತಿನ ಹಿಂದೆ ತುಮಕೂರಿನ ಆ ಹಳ್ಳಿಗರೂ ಇದ್ದಾರೆ.

ಅಜ್ಜನಿಗೂ ಮಾತ್ರೆ, ಮೊಮ್ಮಗನಿಗೂ ಮಾತ್ರೆ

ನನ್ನ ಬಾಲ್ಯದಲ್ಲಿ ಕ್ಷಯ ಎಂಬ ಹೆಸರನ್ನು ಜೋರಾಗಿ ಹೇಳುತ್ತಿರಲಿಲ್ಲ. ರೋಗಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಮೂಲೆ. ಆಸ್ಪತ್ರೆಯಿಂದ ಬಂದವನೇ ನಾನೂ ಮನೆಯಾಕೆಗೆ ಹೇಳಿದೆ, "ಯಾರಿಗೂ ಹೇಳುವುದ್ ಬೇಡ. ನಾಕ್ ಜನ ಎಂತ ಹೇಳ್ತ್ರ್?" ಅವಳು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದಳು. "ನಾಕ್ ಜನ ಮಗುವಿನ ಎದೆ ಪರೀಕ್ಷೆ ಮಾಡಿಸ್ತ್ರಾ?"

ಮರುದಿನ ಮನೆಮಂದಿಯೆಲ್ಲ ಪರೀಕ್ಷೆಗೆ ಹೋದೆವು. ಪುಟ್ಟನ ಎಡತೋಳಿನಲ್ಲಿ ಬಿಸಿಜಿ ಲಸಿಕೆಯ ಕಲೆ ಇತ್ತು. ಮಿದುಳಿಗೆ ಏರುವಂಥ ತೀವ್ರ ಕ್ಷಯದಿಂದ ಆ ಲಸಿಕೆ ಚಿಕ್ಕ ಮಕ್ಕಳನ್ನು ಕಾಪಾಡುತ್ತದೆ, ಆದರೆ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಎಕ್ಸ್‌ರೇ ಫಲಿತಾಂಶಕ್ಕೆ ಕಾದ ಆ ಒಂದು ಗಂಟೆಯಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ.

ಯಾರಿಗೂ ಕಾಯಿಲೆ ಇರಲಿಲ್ಲ. ಆದರೂ ಪುಟ್ಟನಿಗೆ ಐದು ವರ್ಷ ತುಂಬದ ಕಾರಣ, ಒಳಗೆ ರೋಗಾಣು ಮಲಗಿದ್ದರೆ ಏಳದಿರಲಿ ಎಂದು ಆರು ತಿಂಗಳ ತಡೆಗಟ್ಟುವ ಮಾತ್ರೆ ಕೊಟ್ಟರು. ನನಗೂ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆಗಳು, ಆಮೇಲಿನ ನಾಲ್ಕು ತಿಂಗಳು ಮೂರು ಔಷಧಿಯವು. ಎಲ್ಲವೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ.

ಮನೆಯಲ್ಲಿದ್ದರೆ ಉಳಿದವರಿಗೆ ಅಂಟುವುದಿಲ್ಲವೇ? ಈ ಪ್ರಶ್ನೆಗೆ ಮದರಾಸಿನಲ್ಲಿ 1956ರಲ್ಲಿ ಶುರುವಾದ ಅಧ್ಯಯನವೊಂದು ಉತ್ತರ ಕೊಟ್ಟಿದೆ. ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿಟ್ಟು, ಕೆಲವರನ್ನು ಅವರ ಇಕ್ಕಟ್ಟಾದ ಮನೆಗಳಲ್ಲೇ ಬಿಟ್ಟು ಅದೇ ಔಷಧಿ ಕೊಟ್ಟರು. ಎರಡು ಕಡೆಯೂ ರೋಗಿಗಳು ಹೆಚ್ಚುಕಡಿಮೆ ಒಂದೇ ರೀತಿ ಗುಣವಾದರು. ಮನೆಯವರಿಗೆ ಅಪಾಯವೂ ಹೆಚ್ಚಲಿಲ್ಲ. ಸರಿಯಾದ ಔಷಧಿ ಶುರುವಾದ ಮೇಲೆ ರೋಗ ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ಹೆಚ್ಚು ಹರಡುವುದು ರೋಗ ಪತ್ತೆಯಾಗುವ ಮೊದಲೇ, ಅಂದರೆ ನಾನು ಸಿರಪ್ ಕುಡಿಯುತ್ತಿದ್ದ ದಿನಗಳಂಥ ದಿನಗಳಲ್ಲಿ.

ಬೇರೆ ತಟ್ಟೆ ಬೇಕಾಗಲಿಲ್ಲ. ತಟ್ಟೆ, ಬಟ್ಟೆ, ಕೈಕುಲುಕುವುದರಿಂದ ಕ್ಷಯ ಬರುವುದಿಲ್ಲ. ಮೊದಲ ವಾರಗಳಲ್ಲಿ ಮಾಸ್ಕ್ ಹಾಕಿ, ಕಿಟಕಿ ತೆರೆದ ಕೋಣೆಯಲ್ಲಿ ಒಬ್ಬನೇ ಮಲಗಿದೆ. ಹಗಲು ಜಗಲಿಯಲ್ಲೇ ಕುಳಿತೆ. ಕುಚ್ಚಲಕ್ಕಿ ಗಂಜಿಯ ಜೊತೆ ಹೆಸರುಕಾಳು, ಮೊಟ್ಟೆ, ಮೀನು ಸೇರಿದವು. ಮೊದಲ ದಿನ ಮೂತ್ರ ಕೆಂಪಗೆ ಹೋದದ್ದು ಕಂಡು ಬೆಚ್ಚಿದೆ. ಅದು ಔಷಧಿಯ ಬಣ್ಣವಷ್ಟೇ ಎಂದು ಆಶಾ ಕಾರ್ಯಕರ್ತೆ ಧೈರ್ಯ ಹೇಳಿದರು.

ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. "ಇನ್ನು ಮಾತ್ರೆ ಯಾಕೆ?" ಎನಿಸಿತು. ಮೋಸ ಹೋಗುವುದು ಇಲ್ಲೇ. ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತಾಗಬಹುದು. ಆಮೇಲಿನ ಚಿಕಿತ್ಸೆ ಇನ್ನೂ ಕಷ್ಟ. ನನ್ನನ್ನು ಉಳಿಸಿದ್ದು ಪುಟ್ಟ. ಅವನು ಮಾತ್ರೆ ನುಂಗಬೇಕಾದರೆ ಅಜ್ಜಯ್ಯನೂ ಎದುರು ಕುಳಿತು ನುಂಗಬೇಕು! ನಾನು ಬಿಟ್ಟರೆ ಅವನೂ ಬಿಡುತ್ತಿದ್ದ. ದಿನವೂ ಇಬ್ಬರದೂ ಆದ ಮೇಲೆ ಅವನಕ್ಕ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು.

ನೀವು ಮಾಡಬೇಕಾದದ್ದು

• ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಕಫದಲ್ಲಿ ರಕ್ತ ಕಂಡರೆ ದಿನ ಎಣಿಸುತ್ತ ಕೂರಬೇಡಿ.

• ಮಗುವಿನ ಉಸಿರು ವೇಗವಾದರೆ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಹಾಲು ಕುಡಿಯದಿದ್ದರೆ ನ್ಯುಮೋನಿಯಾ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

• ಮಕ್ಕಳ ಲಸಿಕೆಗಳನ್ನು ತಪ್ಪಿಸಬೇಡಿ. ಹಿರಿಯರು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

• ಕೆಮ್ಮುವಾಗ, ಸೀನುವಾಗ ಕರವಸ್ತ್ರ ಅಥವಾ ಮೊಣಕೈ ಅಡ್ಡ ಹಿಡಿಯಿರಿ. ಕಂಡಲ್ಲಿ ಉಗುಳಬೇಡಿ. ಮಳೆಯ ನಡುವೆ ಹೊಳವಾದಾಗಲೆಲ್ಲ ಕಿಟಕಿ ತೆರೆಯಿರಿ.

ಫೆಬ್ರುವರಿಯಲ್ಲಿ ಅಂಗಳದ ಮಾವು ಹೂ ಬಿಟ್ಟಿದ್ದಾಗ ನಮ್ಮಿಬ್ಬರ ಮಾತ್ರೆ ಮುಗಿಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಪುಟ್ಟ ಮತ್ತೆ ನನ್ನ ಪಕ್ಕ ಮಲಗುತ್ತಿದ್ದಾನೆ. ಮೊಮ್ಮಗಳ ಕ್ಯಾಲೆಂಡರ್ ಈಗಲೂ ಅದೇ ಮೊಳೆಯಲ್ಲಿದೆ. ಮನೆಯಲ್ಲಿ ಯಾರು ಕೆಮ್ಮಿದರೂ ಅವಳು ಆ ದಿನದ ಮೇಲೊಂದು ಗುರುತು ಹಾಕುತ್ತಾಳೆ. ನಾನೀಗ ಗದರಿಸುವುದಿಲ್ಲ. ಪೆನ್ಸಿಲ್ ಹುಡುಕಿಕೊಡುತ್ತೇನೆ.