ಆಫೀಸ್ ಕಂಪ್ಯೂಟರ್ ಮುನಿಸಿಕೊಂಡರೆ...

ಮಕ್ಕಳನ್ನು ಶಾಲೆಗೆ ಕಳಿಸಿ, ಒಲೆ ಆರಿಸಿ ಕೆಲಸಕ್ಕೆ ಕೂತಿದ್ದೀರಿ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ನೆಟ್ಟೇ ಇಲ್ಲ! ನೆಟ್ ನಿಧಾನ ಅಂತ ರಾತ್ರಿ ಯಾವುದೋ ಸೆಟ್ಟಿಂಗ್ ಬದಲಿಸಿದ್ದಷ್ಟೇ. ಲಾಗಿನ್ ಆಗದಿದ್ದರೆ ರಜೆ ಲೆಕ್ಕ, ಸಂಬಳಕ್ಕೆ ಕತ್ತರಿ. ಎದೆ ಧಸಕ್ ಅನ್ನುತ್ತೆ, ಅಲ್ವೇ?

2020ರ ಲಾಕ್‌ಡೌನ್ ನಂತರ ಮನೆಯಿಂದಲೇ ಕೆಲಸ ಅನ್ನೋದು ಊರೂರಿಗೂ ಬಂತು. ನಮ್ಮ ಬಾಗೂರಿನವರಿಗೆ ಒಂದು ಮಾತು ಬೇಗ ಅರ್ಥವಾಗುತ್ತೆ. ಬಾಗೂರು-ನವಿಲೆ ಸುರಂಗದಾಚೆ ಹೇಮಾವತಿ ನೀರು ಬರಲಿಲ್ಲ ಅಂದರೆ ಸುರಂಗವೇ ಕುಸಿದಿದೆ ಅಂತಲ್ಲ, ಗೇಟು ಮುಚ್ಚಿರಬಹುದು. ಹಾಗೇ ನಿಮ್ಮ ಕಂಪ್ಯೂಟರ್ ಕೂಡ ಕೆಟ್ಟಿಲ್ಲ, ದಾರಿ ತಪ್ಪಿದೆ ಅಷ್ಟೆ. ಚನ್ನರಾಯಪಟ್ಟಣದ ಅಂಗಡಿಗೆ ಹೊತ್ತೊಯ್ಯುವ ಮುಂಚೆ ಹೀಗೆ ಮಾಡಿ ನೋಡಿ.

* ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ. ರೂಟರ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಆರಿಸಿ, ಮತ್ತೆ ಹಾಕಿ.

* ಮೊಬೈಲನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊಬೈಲಿನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ನೆಟ್ ಬಂತೇ? ಹಾಗಾದರೆ ತೊಂದರೆ ಇರೋದು ವೈಫೈ ಕಡೆ. ಅಂದಿನ ಕೆಲಸವಂತೂ ನಡೆಯುತ್ತೆ.

* ವಿಂಡೋಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್‌ನೆಟ್'ಗೆ ಹೋಗಿ, ನಿಮ್ಮ ವೈಫೈ 'ಪ್ರಾಪರ್ಟೀಸ್' ತೆರೆಯಿರಿ. ಅಲ್ಲಿ ಐಪಿ ವಿಳಾಸ 169.254 ಅಂತ ಶುರುವಾಗಿದ್ದರೆ, ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. 'ಐಪಿ ಅಸೈನ್‌ಮೆಂಟ್' ಎದುರು 'ಮ್ಯಾನುಯಲ್' ಇದ್ದರೆ, ನೀವೇ ಬದಲಿಸಿದ್ದಾದಲ್ಲಿ 'ಆಟೊಮ್ಯಾಟಿಕ್'ಗೆ ತನ್ನಿ. ಆಫೀಸಿನವರೇ ಹಾಕಿಕೊಟ್ಟ ಅಂಕಿಗಳಾದರೆ ಮುಟ್ಟಬೇಡಿ, ಅವರನ್ನೇ ಕೇಳಿ.

* 'ನೆಟ್‌ವರ್ಕ್ ರಿಸೆಟ್' ಗುಂಡಿ ಕಡೆಯ ಉಪಾಯ. ಅದನ್ನು ಒತ್ತಿದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಆಫೀಸಿನ ವಿಪಿಎನ್ ಕೂಡ ಮತ್ತೆ ಹಾಕಿಸಬೇಕಾಗಬಹುದು. ಐಟಿ ವಿಭಾಗವನ್ನು ಕೇಳದೆ ಒತ್ತಲೇಬೇಡಿ.

ಇನ್ನು ಕೆಲವರು ಆಫೀಸಿನಲ್ಲೇ ಇರುವ ಕಂಪ್ಯೂಟರನ್ನು ಮನೆಯಿಂದ ನಡೆಸುತ್ತಾರೆ. ಅದರ ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವುದು ಕೂತ ಕೊಂಬೆಯನ್ನೇ ಕಡಿದಂತೆ! ಸಂಪರ್ಕ ಕಡಿದರೆ ಮನೆಯಲ್ಲಿ ಕೂತು ಎಷ್ಟು ಪರದಾಡಿದರೂ ಫಲವಿಲ್ಲ. ಆಫೀಸಿನಲ್ಲಿರುವವರಿಗೆ ಫೋನ್ ಮಾಡಿ, ಆ ಯಂತ್ರದ ಮುಂದೆ ಕೂತು ಸರಿಪಡಿಸಲು ಹೇಳಿ.

ಗಾಬರಿಯಲ್ಲಿ ಸಿಕ್ಕ ಸಿಕ್ಕ 'ಸಹಾಯವಾಣಿ' ನಂಬರಿಗೆ ಕರೆ ಮಾಡುವುದು ಇನ್ನೂ ಅಪಾಯ. ದೂರದಿಂದ ಕಂಪ್ಯೂಟರ್, ಮೊಬೈಲ್ ನಡೆಸುವ ಎನಿಡೆಸ್ಕ್ ಮೂಲಕ ನಡೆಯುವ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಒಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯಾವ ಸೆಟ್ಟಿಂಗ್ ಮುಟ್ಟುವ ಮುನ್ನವೂ ಆ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಐಟಿಯವರ ನಂಬರನ್ನು ಲ್ಯಾಪ್‌ಟಾಪ್‌ನಲ್ಲಲ್ಲ, ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಲ್ಯಾಪ್‌ಟಾಪ್ ಕೈಕೊಟ್ಟ ದಿನ ಕಣ್ಣಿಗೆ ಬೀಳೋದು ಅದೇ!