ಮೊದಲ ಇಕ್ಕಳ: ಕುಲುಮೆಯ ಕಾಯಕದಲ್ಲೊಂದು ಪಾಠ

ತ್ಯಾಗರಾಜನಗರದ ಮನೆಗಳಲ್ಲಿ ಅಡುಗೆಯ ಒಲೆಯ ಪಕ್ಕದಲ್ಲಿ ಇಕ್ಕಳವೊಂದು ಇದ್ದೇ ಇರುತ್ತದೆ. ಕುದಿಯುವ ಸಾರಿನ ಪಾತ್ರೆಯನ್ನು ಇಳಿಸುವ ಗೃಹಿಣಿಗೆ ಅದು ಎರಡನೆಯ ಕೈಯೇ ಆಗಿಬಿಟ್ಟಿರುವುದರಿಂದ ಅದನ್ನು ಕುರಿತು ಆಲೋಚಿಸುವ ಪ್ರಸಂಗ ಬರುವುದಿಲ್ಲ. ಆದರೆ ಕಮ್ಮಾರನ ಕುಲುಮೆಯ ಮುಂದೆ ನಿಂತು ನೋಡಿದವನಿಗೆ ಇದೇ ಇಕ್ಕಳ ಒಂದು ತರ್ಕದ ತೊಡಕನ್ನು ಒಡ್ಡುತ್ತದೆ. ಕೆಂಪಗೆ ಕಾದ ಕಬ್ಬಿಣವನ್ನು ಹಿಡಿಯಲು ಇಕ್ಕಳ ಬೇಕು. ಇಕ್ಕಳವೂ ಕಬ್ಬಿಣದ್ದೇ, ಅದನ್ನೂ ಕಾಯಿಸಿ ಬಡಿದೇ ಮಾಡಬೇಕು. ಹಾಗಾದರೆ ಮೊದಲ ಇಕ್ಕಳವನ್ನು ಯಾವ ಇಕ್ಕಳದಿಂದ ಹಿಡಿದರು?

ನಮ್ಮ ಶಾಸ್ತ್ರಕಾರರು ಇಂತಹ ಸಂದರ್ಭದಲ್ಲಿ ಬೀಜಾಂಕುರ ನ್ಯಾಯವನ್ನು ನೆನೆಯುತ್ತಾರೆ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ, ಯಾವುದು ಮೊದಲು? ಹಿಂದು ಹಿಂದಕ್ಕೆ ಹೋಗುತ್ತ ಎಲ್ಲಿಯೂ ನಿಲ್ಲಲಾಗದ ಸ್ಥಿತಿಗೆ ಅನವಸ್ಥಾ ದೋಷವೆಂದು ಹೆಸರು. ಈ ಪ್ರಶ್ನೆ ನಮ್ಮವರನ್ನು ಮಾತ್ರ ಕಾಡಿದುದಲ್ಲ. ಯಹೂದ್ಯರ ಪ್ರಾಚೀನ ನೀತಿಗ್ರಂಥವಾದ ‘ಪಿರ್ಕೆ ಅವೋತ್’ನಲ್ಲಿ, ಸೃಷ್ಟಿಕಾರ್ಯ ಮುಗಿಯುವ ಮುಸ್ಸಂಜೆಯಲ್ಲಿ ದೇವರೇ ನಿರ್ಮಿಸಿದ ವಸ್ತುಗಳ ಪಟ್ಟಿಯೊಂದಿದೆ. ಇಕ್ಕಳದಿಂದ ಮಾಡಿದ ಇಕ್ಕಳವೂ ಅದರಲ್ಲಿ ಸೇರುತ್ತದೆಂದು ಕೆಲವರ ಮತ. ಅಂದರೆ ಮೊದಲ ಇಕ್ಕಳವನ್ನು ಮನುಷ್ಯನು ಮಾಡಿರಲಾರನೆಂಬುದು ಅವರ ತೀರ್ಮಾನ.

ಕಮ್ಮಾರನು ಈ ವಾದಕ್ಕೆ ಬಾಯಿಂದ ಉತ್ತರ ಕೊಡುವುದಿಲ್ಲ. ಎರಡು ಅಡಿ ಉದ್ದದ ಕಬ್ಬಿಣದ ಸರಳೊಂದನ್ನು ಎತ್ತಿಕೊಂಡು, ಅದರ ಒಂದು ತುದಿಯನ್ನು ಕೆಂಡದೊಳಕ್ಕೆ ನೂಕಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿಯುತ್ತಾನೆ. ಕಬ್ಬಿಣದಲ್ಲಿ ಶಾಖ ಹರಿಯುವ ವೇಗ ತಾಮ್ರದಲ್ಲಿ ಹರಿಯುವುದಕ್ಕಿಂತ ಬಹಳ ಕಡಿಮೆ. ಒಂದು ತುದಿ ಕಿತ್ತಳೆಯ ಬಣ್ಣಕ್ಕೆ ಬಂದಾಗಲೂ ಎರಡು ಅಡಿಯ ಆಚೆಗಿನ ತುದಿ ಕೈಗೆ ತಣ್ಣಗೆಯೇ ಇರುತ್ತದೆ. ಕೆಲಸ ಸಾಗಿದಂತೆ ಬೆಚ್ಚಗಾದರೆ ಆ ತುದಿಯನ್ನು ಒಮ್ಮೆ ನೀರಲ್ಲಿ ಅದ್ದಿದರಾಯಿತು. ಹೀಗೆ ಸರಳೇ ತನಗೆ ತಾನು ಇಕ್ಕಳವಾಗುತ್ತದೆ. ಮೊದಲ ಇಕ್ಕಳಕ್ಕೆ ಇನ್ನೊಂದು ಇಕ್ಕಳ ಬೇಕಿಲ್ಲ. ತರ್ಕದಲ್ಲಿ ಬಿಡಿಸಲಾಗದ ಗಂಟು ಕಾಯಕದಲ್ಲಿ ಬಿಚ್ಚಿಕೊಂಡಿತು.

ಇಕ್ಕಳಕ್ಕೆ ಸಂಸ್ಕೃತದಲ್ಲಿ ‘ಸಂದಂಶ’ವೆಂಬ ಹೆಸರಿದೆ. ‘ದಂಶ್’ ಎಂದರೆ ಕಚ್ಚು; ಎರಡು ಕಡೆಯಿಂದ ಕೂಡಿ ಕಚ್ಚುವುದೇ ಸಂದಂಶ. ಸುಶ್ರುತಸಂಹಿತೆಯು ಶಸ್ತ್ರವೈದ್ಯನ ಉಪಕರಣಗಳನ್ನು ಹೇಳುವಾಗ ಹದಿನಾರು ಅಂಗುಲದ ಎರಡು ಬಗೆಯ ಸಂದಂಶಗಳನ್ನು ಹೆಸರಿಸುತ್ತದೆ. ಇವಲ್ಲದೆ ಸ್ವಸ್ತಿಕಯಂತ್ರಗಳೆಂಬ 24 ಉಪಕರಣಗಳ ವರ್ಣನೆಯೂ ಅಲ್ಲಿದೆ. ಅವುಗಳ ಬಾಯಿ ಸಿಂಹ, ವ್ಯಾಘ್ರ, ಕಾಗೆ, ಕಂಕಪಕ್ಷಿ ಮುಂತಾದ ಪ್ರಾಣಿಪಕ್ಷಿಗಳ ಮುಖದಂತೆ. ಎರಡು ಭಾಗಗಳನ್ನು ಬಂಧಿಸುವ ಕೀಲಿನ ತಲೆ ಮಸೂರದ ಕಾಳಿನಂತೆ. ವೈದ್ಯನ ಕೈಯಲ್ಲಿದ್ದ ಆ ಯಂತ್ರಕ್ಕೂ ಕಮ್ಮಾರನ ಇಕ್ಕಳಕ್ಕೂ ರಚನೆ ಒಂದೇ: ಮುಂದೆ ಬಾಯಿ, ನಡುವೆ ಕೀಲು, ಹಿಂದೆ ಹಿಡಿ. ಬಾಯಿ ಕಿರಿದು, ಹಿಡಿ ಉದ್ದ. ಆದುದರಿಂದಲೇ ಕೈಯ ಅಲ್ಪಬಲವು ಬಾಯಿಗೆ ತಲುಪುವಾಗ ಹಲವು ಮಡಿಯಾಗುತ್ತದೆ. ಕೀಲಿನಿಂದ ಬಾಯಿಗೆ 5 ಸೆಂಟಿಮೀಟರ್, ಕೀಲಿನಿಂದ ಕೈಗೆ 40 ಸೆಂಟಿಮೀಟರ್ ಇದ್ದರೆ ಬಲ ಎಂಟು ಪಟ್ಟು ಹೆಚ್ಚುವುದೆಂದು ಲೆಕ್ಕ.

ಕಬ್ಬಿಣದ ವಿದ್ಯೆ ಕನ್ನಡನಾಡಿಗೆ ಹೊರಗಿನಿಂದ ಬಂದ ಹೊಸ ವಿದ್ಯೆಯಲ್ಲ. ಹಾವೇರಿ ಜಿಲ್ಲೆಯ ತುಂಗಭದ್ರಾ ತೀರದ ಹಳ್ಳೂರಿನಲ್ಲಿ 1960ರ ದಶಕದಲ್ಲಿ ನಡೆದ ಉತ್ಖನನವು ಕ್ರಿಸ್ತಪೂರ್ವ ಸುಮಾರು 1000ದಷ್ಟು ಹಿಂದೆಯೇ ಇಲ್ಲಿ ಕಬ್ಬಿಣದ ಬಳಕೆಯಿತ್ತೆಂಬುದನ್ನು ತೋರಿಸಿತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಉಕ್ಕನ್ನು ಕುರಿತ ಲೇಖನ ಪ್ರಕಟವಾದಾಗ ಅದಕ್ಕೆ ‘ವೂಟ್ಜ್’ ಎಂದು ಹೆಸರಿಟ್ಟರು. ನಮ್ಮ ‘ಉಕ್ಕು’ ಶಬ್ದವೇ ಪರದೇಶದ ಕಿವಿಯಲ್ಲಿ ಹೀಗೆ ಮಾರ್ಪಟ್ಟಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ ಮಾತು. ಹಳ್ಳಿಯ ಆಯಗಾರರಲ್ಲಿ ಕಮ್ಮಾರನಿಗೆ ಸ್ಥಾನವಿದ್ದಿತು. ನೇಗಿಲಿನ ಕುಳ, ಕುಡುಗೋಲು, ಗುದ್ದಲಿಗಳನ್ನು ಅವನು ಹದಗೊಳಿಸಿಕೊಟ್ಟರೆ ಸುಗ್ಗಿಯಲ್ಲಿ ರೈತನು ಕಣದಿಂದಲೇ ಅವನ ಪಾಲಿನ ಧಾನ್ಯವನ್ನು ಅಳೆದುಕೊಡುತ್ತಿದ್ದನು. ಅವನ ಕುಲುಮೆಯ ಗೋಡೆಗೆ ತೂಗುಹಾಕಿದ ಇಕ್ಕಳಗಳು ಹಲವು. ಅವನ್ನೆಲ್ಲ ಅವನೋ ಅವನ ಹಿರಿಯರೋ ಮಾಡಿಕೊಂಡವೇ ಹೊರತು ಅಂಗಡಿಯಿಂದ ತಂದವಲ್ಲ.

ಅಂತಹ ಒಂದು ಇಕ್ಕಳವನ್ನು ಮಾಡುವ ಬಗೆಯನ್ನು ಈಗ ನೋಡಬಹುದು.

ಬೇಕಾದ ಸಾಮಗ್ರಿ ಅಲ್ಪ. 12 ಮಿಲಿಮೀಟರ್ ಚೌಕದ ಮೆದು ಉಕ್ಕಿನ ಸರಳುಗಳು ಎರಡು, ಒಂದೊಂದೂ 60 ಸೆಂಟಿಮೀಟರ್ ಉದ್ದ. ಕೀಲಿಗಾಗಿ 8 ಮಿಲಿಮೀಟರ್ ದಪ್ಪದ ದುಂಡು ಸರಳಿನ ತುಂಡು. ತಿದಿಯೋ ಗಾಳಿಯಂತ್ರವೋ ಇರುವ ಕುಲುಮೆ, ಇದ್ದಿಲು, ಅಡಿಗಲ್ಲು, ಸುಮಾರು ಒಂದು ಕಿಲೋ ತೂಕದ ಸುತ್ತಿಗೆ, ತೂತುಮಾಡುವ ಉಳಿ, ಅರ, ನೀರಿನ ತೊಟ್ಟಿ. ಸತುವಿನ ಲೇಪವುಳ್ಳ ಕಬ್ಬಿಣವನ್ನು ಎಂದಿಗೂ ಕುಲುಮೆಗೆ ಹಾಕಲಾಗದು; ಅದರಿಂದ ಏಳುವ ಬಿಳಿಯ ಹೊಗೆ ಜ್ವರ ತರುವಂತಹುದು. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಯ ಬಟ್ಟೆ, ಕಾಲಿಗೆ ತೊಗಲಿನ ಪಾದರಕ್ಷೆ ಇರತಕ್ಕದ್ದು. ನೈಲಾನ್ ಬಟ್ಟೆ ಕಿಡಿ ತಾಗಿದೊಡನೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಕುಲುಮೆಯಲ್ಲಿ ಬಣ್ಣವೇ ಅಳತೆಗೋಲು. ಮಂದವಾದ ಕೆಂಪು ಸುಮಾರು 700 ಡಿಗ್ರಿ ಸೆಲ್ಸಿಯಸ್, ಕಿತ್ತಳೆ ಸುಮಾರು 950, ಹಳದಿ 1100ಕ್ಕೆ ಮೇಲೆ. ಕಿತ್ತಳೆಯಿಂದ ಹಳದಿಯವರೆಗೆ ಬಡಿಯುವ ಹದ. ಬಣ್ಣ ಕೆಂಪಿಗಿಳಿದ ಕೂಡಲೆ ಸುತ್ತಿಗೆಯನ್ನು ತಡೆದು ಮತ್ತೆ ಕೆಂಡಕ್ಕೆ ಇಡಬೇಕು. ತಣಿದ ಕಬ್ಬಿಣವನ್ನು ಬಡಿದರೆ ಅದು ಬಾಗುವ ಬದಲು ಸೀಳುತ್ತದೆ. ಇನ್ನೊಂದು ತುದಿಯಲ್ಲಿ ಬಿಳುಪೇರಿ ಕಿಡಿ ಕಾರಲು ತೊಡಗಿದರೆ ಕಬ್ಬಿಣ ಉರಿದುಹೋಗುತ್ತಿದೆಯೆಂದು ತಿಳಿಯತಕ್ಕದ್ದು. ಕಬ್ಬಿಣ ಕಾದಾಗಲೇ ಬಡಿಯಬೇಕೆಂಬ ಗಾದೆಯನ್ನು ಎಲ್ಲರೂ ಆಡುತ್ತಾರೆ; ಎಷ್ಟು ಕಾದಾಗ ಎಂಬುದನ್ನು ಕುಲುಮೆಯೇ ಕಲಿಸಬೇಕು.

ಮೊದಲು ಬಾಯಿ. ಸರಳಿನ ತುದಿಯನ್ನು ಕಾಯಿಸಿ, 3 ಸೆಂಟಿಮೀಟರಿನಷ್ಟನ್ನು ಅಡಿಗಲ್ಲಿನ ಈಚೆಯ ಅಂಚಿನ ಮೇಲಿಟ್ಟು, ಸುತ್ತಿಗೆಯ ಅರ್ಧಮುಖ ಕಲ್ಲಿನ ಮೇಲೂ ಅರ್ಧ ಹೊರಗೂ ಬರುವಂತೆ ಬಡಿದರೆ ಆ ಭಾಗವು ಅರ್ಧ ದಪ್ಪಕ್ಕೆ ಚಪ್ಪಟೆಯಾಗಿ, ಅದರ ಹಿಂದೆ ಒಂದು ಮೆಟ್ಟಿಲು ಮೂಡುತ್ತದೆ. ಎರಡನೆಯದು ಕೀಲು ಕೂರುವ ಜಾಗ. ಮತ್ತೆ ಕಾಯಿಸಿ, ಸರಳನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಬಾಯಿಯ ಹಿಂದಣ ಭಾಗವನ್ನು ಅಡಿಗಲ್ಲಿನ ಆಚೆಯ ಅಂಚಿನ ಮೇಲೆ ಓರೆಯಾಗಿಟ್ಟು ಬಡಿಯಬೇಕು. ಅದು ಅಗಲವಾಗಿ ಹರಡಿ ಹೆಬ್ಬೆರಳ ಉಗುರಿನಷ್ಟು ಸಮತಟ್ಟಾದ ಜಾಗವಾಗುತ್ತದೆ. ಮೂರನೆಯದು ಹಿಡಿ. ಅದೇ ದಿಕ್ಕಿನಲ್ಲಿ ಇನ್ನೊಂದು ಕಾಲು ಸುತ್ತು ತಿರುಗಿಸಿ, ಕೀಲಿನ ಜಾಗದ ಹಿಂದೆ ಮೆಟ್ಟಿಲನ್ನು ಮೂಡಿಸಿ, ಅಲ್ಲಿಂದ ಹಿಂದಕ್ಕೆ ಸರಳನ್ನು ತೆಳ್ಳಗೆ ಎಳೆಯುತ್ತ ಹೋಗಬೇಕು. ಎಳೆಯುವಾಗ ಮೊದಲು ಚೌಕ, ಬಳಿಕ ಎಂಟು ಮುಖ, ಕಡೆಗೆ ದುಂಡು. ಚೌಕವಾಗಿದ್ದುದನ್ನು ನೇರವಾಗಿ ದುಂಡಗೆ ಬಡಿಯಲು ಹೋದರೆ ಒಳಗೆ ಬಿರುಕು ಹುಟ್ಟುವ ಭಯವಿದೆ.

ಹೊಸಬರು ತಪ್ಪುವುದು ಎರಡನೆಯ ಸರಳಿನಲ್ಲಿ. ಇಕ್ಕಳದ ಎರಡು ಭಾಗಗಳು ಎದುರುಬದುರಾಗಿ ಕೂಡುವುದನ್ನು ಕಂಡವರು, ಒಂದನ್ನು ಎಡಕ್ಕೆ ತಿರುಗಿಸಿ ಮಾಡಿದರೆ ಇನ್ನೊಂದನ್ನು ಬಲಕ್ಕೆ ತಿರುಗಿಸಿ ಮಾಡಬೇಕೆಂದು ಭಾವಿಸುತ್ತಾರೆ. ಹಾಗೆ ಮಾಡಿದ ಎರಡು ಭಾಗಗಳು ಒಂದು ಎಡಗೈ, ಒಂದು ಬಲಗೈ ಆಗಿ ಎಂದಿಗೂ ಕೂಡುವುದಿಲ್ಲ. ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿ, ಅಚ್ಚಿನಿಂದ ತೆಗೆದಂತೆ ಒಂದೇ ರೀತಿ ಮಾಡಬೇಕು. ಅನಂತರ ಒಂದನ್ನು ಮಗುಚಿ ಇನ್ನೊಂದರ ಎದುರಿಗಿಟ್ಟರೆ, ಎದುರುಬದುರು ನಿಂತ ಇಬ್ಬರು ತಮ್ಮ ತಮ್ಮ ಬಲಗೈಗಳನ್ನು ಚಾಚಿ ಹಿಡಿದಂತೆ ಅವು ಕೂಡಿಕೊಳ್ಳುತ್ತವೆ. ಸಮಾನರಾದವರೇ ಒಬ್ಬರನ್ನೊಬ್ಬರು ಹಿಡಿಯಬಲ್ಲರೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಸಿಗುವುದು ಕಷ್ಟ.

ಬಳಿಕ ತೂತು. ಕೀಲಿನ ಜಾಗವನ್ನು ಕಾಯಿಸಿ ಉಳಿಯನ್ನಿಟ್ಟು ಬಡಿಯಬೇಕು. ಮೂರು ನಾಲ್ಕು ಪೆಟ್ಟಿಗೊಮ್ಮೆ ಉಳಿಯನ್ನು ನೀರಲ್ಲಿ ಅದ್ದದಿದ್ದರೆ ಅದರ ಮೊನೆಯೇ ಮೆತ್ತಗಾಗುತ್ತದೆ. ಕೆಳಗಿನಿಂದ ಗಟ್ಟಿಯಾದ ತಡೆ ಕೈಗೆ ತಿಳಿದಾಗ ಸರಳನ್ನು ಮಗುಚಿದರೆ ಹಿಂಬದಿಯಲ್ಲಿ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಅದರ ಮೇಲೆ ಉಳಿಯಿಟ್ಟು ಬಡಿದರೆ ಬಿಲ್ಲೆಯೊಂದು ಉದುರಿ ತೂತು ತೆರೆಯುತ್ತದೆ. ಎರಡೂ ಭಾಗಗಳನ್ನು ಜೋಡಿಸಿ, ಕೀಲಿನ ತುಂಡನ್ನು ಕೆಂಪಗೆ ಕಾಯಿಸಿ ತೂರಿಸಿ, ಎರಡು ಕಡೆಯೂ ತಲೆ ಕಟ್ಟಬೇಕು. ಒಂದೊಂದು ತಲೆಗೂ ಕೀಲಿನ ದಪ್ಪದ ಒಂದೂವರೆ ಪಟ್ಟು ಉದ್ದ ಹೊರಗಿರತಕ್ಕದ್ದು. ಸುಶ್ರುತನು ಹೇಳಿದ ಮಸೂರದ ಕಾಳು ಇಲ್ಲಿ ಮತ್ತೆ ಮೂಡುತ್ತದೆ.

ಈಗ ಇಕ್ಕಳ ಬಿಗಿದುಕೊಂಡು ಅಲುಗದು. ಕೀಲಿನ ಭಾಗವನ್ನು ಮತ್ತೊಮ್ಮೆ ಕೆಂಪಗೆ ಕಾಯಿಸಿ, ತಣಿಯುವವರೆಗೂ ಬಿಡದೆ ತೆರೆದು ಮುಚ್ಚುತ್ತಿದ್ದರೆ ಅದು ಸಡಿಲವಾಗುತ್ತದೆ. ಕೊನೆಯ ಕೆಲಸ ಬಾಯಿ ಕೂಡಿಸುವುದು. ಯಾವ ದಪ್ಪದ ಕಬ್ಬಿಣವನ್ನು ಹಿಡಿಯಬೇಕೋ ಅದೇ ದಪ್ಪದ ತುಂಡನ್ನು ಕಾದ ಬಾಯೊಳಗಿಟ್ಟು ಬಡಿದು, ಬಾಯಿ ಅದರ ಮೇಲೆ ಉದ್ದಕ್ಕೂ ಸಮನಾಗಿ ಕೂರುವಂತೆಯೂ ಹಿಡಿಗಳ ನಡುವೆ ಕೈ ಹಿಡಿಸುವಷ್ಟು ಅಂತರ ಉಳಿಯುವಂತೆಯೂ ತಿದ್ದಬೇಕು. ಹಿಡಿಯ ಹೆಚ್ಚುವರಿ ಉದ್ದವನ್ನು ಕತ್ತರಿಸಿ, ತುದಿಗಳನ್ನು ಅರದಿಂದ ನಯಗೊಳಿಸಿ, ಗಾಳಿಯಲ್ಲೇ ತಣಿಯಲು ಬಿಡಬೇಕು. ಕೆಂಪಗಿರುವಾಗ ನೀರಿಗೆ ಹಾಕುವ ಆತುರ ಸಲ್ಲದು. ಸರಳಿನಲ್ಲಿ ಇಂಗಾಲ ಹೆಚ್ಚಿದ್ದರೆ ನೀರು ಕುಡಿದ ಉಕ್ಕು ಗಾಜಿನಂತೆ ಪೆಡಸಾಗಿ, ಮುಂದೆಂದೋ ಕಾದ ಕಬ್ಬಿಣವನ್ನು ಹಿಡಿದಿರುವಾಗಲೇ ಮುರಿಯಬಹುದು. ತಣಿದು ಕಪ್ಪಾದ ಇಕ್ಕಳವನ್ನೂ ಕೂಡಲೇ ಮುಟ್ಟಲಾಗದು. ಬಣ್ಣ ಹೋದ ಮೇಲೂ ಕಬ್ಬಿಣದಲ್ಲಿ 400 ಡಿಗ್ರಿ ಶಾಖ ಉಳಿದಿರಬಹುದು; ಕುಲುಮೆಯಲ್ಲಿ ಕೈ ಸುಡುವುದು ಕೆಂಪು ಕಬ್ಬಿಣದಿಂದಲ್ಲ, ಕಪ್ಪು ಕಬ್ಬಿಣದಿಂದ.

ಒಂದು ಇಕ್ಕಳ ಒಂದು ಅಳತೆಗೆ ಮಾತ್ರ ಒಪ್ಪುತ್ತದೆ. ಪಟ್ಟಿಗೆ ಚಪ್ಪಟೆ ಬಾಯಿ, ದುಂಡು ಸರಳಿಗೆ ಗಾಡಿಯುಳ್ಳ ಬಾಯಿ, ಎತ್ತಿನ ಬಂಡಿಯ ಚಕ್ರದ ಪಟ್ಟಿಗೆ ಉದ್ದನೆಯ ಹಿಡಿ. ಆದುದರಿಂದ ಹೊಸ ಕೆಲಸ ಬಂದಾಗಲೆಲ್ಲ ಕಮ್ಮಾರನು ಮೊದಲು ಅದಕ್ಕೆ ತಕ್ಕ ಇಕ್ಕಳವನ್ನು ಮಾಡಿಕೊಳ್ಳುತ್ತಾನೆ. ಆಗ ಹಳೆಯ ಇಕ್ಕಳವೇ ಹೊಸದನ್ನು ಹಿಡಿಯುತ್ತದೆ. ಅನವಸ್ಥೆಯೆಂದು ತೋರಿದುದು ಇಲ್ಲಿ ಪರಂಪರೆಯಾಗಿ ಪರಿಣಮಿಸಿದೆ.

ವಿದ್ಯಾಸಂಸ್ಥೆಯ ಸ್ಮರಣ ಸಂಪುಟದಲ್ಲಿ ಕುಲುಮೆಯ ಮಾತೇಕೆಂದು ಯಾರಾದರೂ ಕೇಳಬಹುದು. 12ನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗೆ ಸಮವೆಂದು ಸಾರಿದರು. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಇವರ ಹೆಸರುಗಳೊಡನೆಯೇ ಅವರ ಕಾಯಕಗಳೂ ಉಳಿದುಬಂದಿವೆ. ಕಮ್ಮಾರನೆಂಬ ಹೆಸರು ಹುಟ್ಟಿನಿಂದಲ್ಲ, ಮಾಡುವ ಕೆಲಸದಿಂದ ಬಂದುದೆಂಬ ಆಶಯ ಬಸವಣ್ಣನವರ ವಚನದಲ್ಲಿಯೇ ಇದೆ. ಈ ವಚನಗಳನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಬಹುಮಾನವನ್ನೂ ಪಡೆಯುತ್ತಾರೆ. ಆದರೆ ಹಗ್ಗದ ಒಂದು ಎಳೆಯನ್ನಾದರೂ ಹೊಸೆದ, ಕಾದ ಕಬ್ಬಿಣಕ್ಕೆ ಒಂದು ಪೆಟ್ಟನ್ನಾದರೂ ಹಾಕಿದ ಮಗು ಎಷ್ಟು ಶಾಲೆಗಳಲ್ಲಿ ದೊರೆತೀತು? ಕಾಯಕವನ್ನು ಬಾಯಲ್ಲಿ ಗೌರವಿಸಿ, ಅದನ್ನು ಮಾಡುವ ಕೈಯನ್ನು ದೂರವಿಡುವುದು ಶರಣರ ದಾರಿಯಲ್ಲ.

1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣದ ಯೋಜನೆಯು ಕೈಕಸುಬನ್ನೇ ಕಲಿಕೆಯ ಕೇಂದ್ರವಾಗಿಸಿತು. ಕಾಲಾಂತರದಲ್ಲಿ ಅದು ಕೈಬಿಟ್ಟುಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಅದನ್ನು ಕುರಿತ ವಾದವಿವಾದಗಳು ಏನೇ ಇರಲಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಸೂಚಿಸಿದೆ. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ತ್ಯಾಗರಾಜನಗರಕ್ಕೆ ಸಮೀಪದಲ್ಲೇ, ಬುಲ್ ಟೆಂಪಲ್ ರಸ್ತೆಯಲ್ಲಿ, ಬಿ. ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜು ಇದೆ. ಊರ ಕಮ್ಮಾರನಿಗೂ ಅಲ್ಲಿಯಂತಹ ಪ್ರಾಧ್ಯಾಪಕರಿಗೂ ಒಟ್ಟಿಗೆ ಆಮಂತ್ರಣ ಹೋದರೆ, ಒಬ್ಬರು ಹೇಗೆಂಬುದನ್ನೂ ಇನ್ನೊಬ್ಬರು ಏಕೆಂಬುದನ್ನೂ ಮಕ್ಕಳಿಗೆ ತಿಳಿಸಬಲ್ಲರು. ಕಿರಿಯರು ದೂರ ನಿಂತು ನೋಡಲಿ. ಹಿರಿಯ ವಿದ್ಯಾರ್ಥಿಗಳು ಸುತ್ತಿಗೆ ಹಿಡಿಯಲಿ. ದಾನಿಗಳಿಗೆ ಒಂದು ಅಡಿಗಲ್ಲಿನ ಬೆಲೆ ಭಾರವಾಗಲಾರದು.

ಗುರುವಿನ ಕೆಲಸವೂ ಆ ಉದ್ದನೆಯ ಸರಳಿನ ಕೆಲಸವೇ. ಶಿಷ್ಯನ ಕೈಗೆ ಇಕ್ಕಳ ಬರುವವರೆಗೆ ಬೆಂಕಿಗೂ ಅವನಿಗೂ ನಡುವೆ ಅಂತರವನ್ನು ಕಾಯುವುದು, ಬಂದ ಮೇಲೆ ಸುಮ್ಮನೆ ಪಕ್ಕಕ್ಕೆ ಸರಿಯುವುದು. ಮಠದ ಆಶ್ರಯದಲ್ಲಿ ಓದಿ ಹೊರಟವರು ತಮ್ಮ ಇಕ್ಕಳವನ್ನು ತಾವೇ ಮಾಡಿಕೊಳ್ಳಬಲ್ಲವರಾದರೆ, ಮುಂದಿನವರ ಇಕ್ಕಳವನ್ನು ಹಿಡಿಯಬಲ್ಲವರೂ ಅವರೇ ಆಗುತ್ತಾರೆ.